ಸೂವರ್ಡ್ ಕಡಲಲ್ಲಿ ತಿಮಿಂಗಿಲ ಹುಡುಕಿದ ಬಗೆ

ಅಲಾಸ್ಕಾದ ಸೂವರ್ಡ್ ಬಂದರಿನಿಂದ ಪ್ರಾಣಿ-ಪಕ್ಷಿ ನೋಡಲು ಹೊರಡುವ ದೋಣಿಗಳಲ್ಲಿ ಹಲವು ಬಗೆ. ಅರ್ಧ ದಿನದ್ದು ರಿಸರೆಕ್ಷನ್ ಕೊಲ್ಲಿಯೊಳಗೇ ಸುತ್ತಾಡಿಸಿ ವಾಪಸ್ ತರುತ್ತದೆ. ಆರು ಗಂಟೆಯದ್ದು ಕೊಲ್ಲಿಯ ಬಾಯಿ ದಾಟಿ ತೆರೆದ ಸಮುದ್ರಕ್ಕಿಳಿದು, ಚಿಸ್‌ವೆಲ್ ದ್ವೀಪಗಳನ್ನು ಬಳಸಿ, ಕೀನಾಯ್ ಫಿಯೋರ್ಡ್ಸ್ ರಾಷ್ಟ್ರೀಯ ಉದ್ಯಾನದ ಒಂದು ಹಿಮನದಿಯೆದುರು ನಿಲ್ಲುತ್ತದೆ. ಇನ್ನೂ ಉದ್ದದ್ದು ನಾರ್ತ್‌ವೆಸ್ಟರ್ನ್ ಫಿಯೋರ್ಡ್ ಎಂಬ, ಬೆಟ್ಟಗಳ ನಡುವಿನ ಕಿರಿದಾದ ಕಡಲ ಚಾಚಿನವರೆಗೂ ಹೋಗುತ್ತದೆ. ಜೀವಿಗಳನ್ನು ನೋಡಲೆಂದೇ ಹೋಗುವವರು ಇನ್ನೊಂದಿಷ್ಟು ದುಡ್ಡು ಕೂಡಿಸಿಯಾದರೂ ಆರು ಗಂಟೆಗೆ ಕಡಿಮೆಯಿಲ್ಲದ ದೋಣಿಯನ್ನೇ ಹತ್ತಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೂಡು ಕಟ್ಟುವ ಹಕ್ಕಿಗಳ ಬಂಡೆ, ಕಡಲಸಿಂಹಗಳ ಗುಂಪು, ಮಂಜಿನ ತುಂಡುಗಳ ಮೇಲೆ ಮಲಗಿದ ಸೀಲ್‌ಗಳು, ಇವುಗಳ ನಿಜವಾದ ವೈಭವ ಇರುವುದು ಕೊಲ್ಲಿಯ ಆಚೆಗೆ.

ನಾನಿರುವುದು ಸಿಯಾಟಲ್‌ನಲ್ಲಿ. ಅಕ್ಕ, ಭಾವ ಶಿವಮೊಗ್ಗದಿಂದ ಬಂದಿದ್ದಾಗ ಜೂನ್‌ನಲ್ಲಿ ಅವರನ್ನೂ ಕರೆದುಕೊಂಡು ಹೋದೆ. ಆಂಕರೇಜ್‌ನಿಂದ ಸೂವರ್ಡ್‌ಗೆ ಕಾರಿನಲ್ಲಿ ಸುಮಾರು 200 ಕಿ.ಮೀ. ಹಿಂದಿನ ದಿನವೇ ಹೋಗಿ ಉಳಿದುಕೊಂಡೆವು. ಉದ್ದದ ದೋಣಿಗಳು ಬೆಳಿಗ್ಗೆಯೇ ಬಿಡುತ್ತವೆ, ಮತ್ತು ನಿದ್ದೆಗೆಟ್ಟವರಿಗೆ ಅಲೆಯ ತೂಗಾಟ ತಡೆಯುವುದಿಲ್ಲ.

ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವುದಕ್ಕೆ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡದು. ಅಕ್ಕನಿಗೆ ಬಿ.ಪಿ. ಇರುವುದರಿಂದ ಅವಳ ಡಾಕ್ಟರನ್ನು ಮೊದಲೇ ಕೇಳಿಕೊಂಡಿದ್ದೆವು. ಬೆಳಿಗ್ಗೆ ಸ್ವಲ್ಪ ಅವಲಕ್ಕಿ, ಮಧ್ಯಾಹ್ನಕ್ಕೆ ಚಪಾತಿ, ಚಟ್ನಿಪುಡಿ. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟೂ ಬೇಡ. ಜೂನ್ ಆದರೂ ಚಳಿ ಚಳಿಯೇ. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಹಾಗಾಗಿ ಒಳಗೆ ಉಣ್ಣೆಯದು, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ-ಮಳೆ ಎರಡೂ ತಡೆಯುವ ಕೋಟು. ಕೈಗೆ ಬೈನಾಕ್ಯುಲರಿನ ಚಕ್ರ ತಿರುಗಿಸಲು ಬರುವಷ್ಟು ತೆಳು ಗ್ಲೌಸು.

ಬೈನಾಕ್ಯುಲರ್ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಅಗಲದ ಗಾಜಿನದು) ಸಾಕು. ಅಲುಗುವ ದೋಣಿಯಲ್ಲಿ 10ರ ಶಕ್ತಿಯದ್ದು ಹಿಡಿದರೆ ಪ್ರಾಣಿಗಿಂತ ಹೆಚ್ಚಾಗಿ ನಡುಕವೇ ದೊಡ್ಡದಾಗಿ ಕಾಣುತ್ತದೆ.

ಇನ್ನು ನೋಡುವ ಕೆಲಸ. ಕ್ಯಾಪ್ಟನ್ ಮೈಕಿನಲ್ಲಿ "ಎರಡು ಗಂಟೆ" ಅಂದರೆ ದೋಣಿಯ ಮೂತಿಯನ್ನು ಹನ್ನೆರಡು ಅಂತಿಟ್ಟುಕೊಂಡು ಬಲಕ್ಕೆ ತಿರುಗಬೇಕು. ಆದರೆ ಮೈಕಿಗೇ ಕಾಯುತ್ತ ಕೂರಬೇಡಿ. ನಾನು ಬರಿಗಣ್ಣಲ್ಲೇ ನೀರನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಗುಡಿಸಿಕೊಂಡು ಹೋಗುತ್ತೇನೆ. ಏನಾದರೂ ಬೇರೆ ಅನ್ನಿಸಿದರೆ ಮಾತ್ರ ಬೈನಾಕ್ಯುಲರ್ ಎತ್ತುತ್ತೇನೆ. ಕಿಟ್ಟಿವೇಕ್ ಹಕ್ಕಿಗಳು ಒಂದೇ ಕಡೆ ಮುಗಿಬಿದ್ದು ಕೂಗುತ್ತಿದ್ದರೆ ಕೆಳಗೆ ಸಣ್ಣ ಮೀನಿನ ಹಿಂಡಿದೆ ಎಂದರ್ಥ. ಹಂಪ್‌ಬ್ಯಾಕ್ ತಿಮಿಂಗಿಲ ಅಲಾಸ್ಕಾಕ್ಕೆ ಬರುವುದೇ ಆ ಮೀನು ಮತ್ತು ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಗಳಿಗಾಗಿ. ಚಳಿಗಾಲವನ್ನು ಹವಾಯಿ ಕಡೆಯ ಬೆಚ್ಚನೆ ನೀರಿನಲ್ಲಿ, ಬಹುಪಾಲು ಉಪವಾಸದಲ್ಲೇ ಕಳೆದು, ಸಾವಿರಾರು ಕಿ.ಮೀ. ಈಜಿ ಬಂದಿರುತ್ತದೆ. ಅದರ ಹಸಿವನ್ನು ನೆನೆದರೆ ಹಕ್ಕಿಗಳತ್ತ ಕಣ್ಣಿಡುವುದು ಏಕೆ ಎಂದು ಬೇರೆ ಹೇಳಬೇಕಿಲ್ಲ.

ಅವತ್ತು ಮೊದಲು ಕಂಡದ್ದು ಭಾವನಿಗೆ. "ಅಲ್ಲಿ ಯಾರೋ ಬೆಂಕಿ ಹಾಕ್ದಂಗಿದೆ ನೋಡೋ, ಹೊಗೆ!" ಅಂದರು. "ಹೊಗೆ ಅಲ್ಲ ಭಾವ, ಉಸಿರು" ಅನ್ನುವಷ್ಟರಲ್ಲಿ ಇನ್ನೊಂದು ಎದ್ದಿತು. ಕಪ್ಪು ಬೆಟ್ಟದ ಹಿನ್ನೆಲೆಯಿದ್ದರೆ ಈ ಬಿಳಿ ಉಸಿರು ತುಂಬಾ ದೂರದಿಂದಲೂ ಕಾಣುತ್ತದೆ. ಮೋಡದ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಆದ್ದರಿಂದ ನಾನು ದಂಡೆಯ ಕಡೆಗೇ ಹೆಚ್ಚು ನೋಡುತ್ತೇನೆ. ತಿಮಿಂಗಿಲ ಒಂದಷ್ಟು ಸಲ ಉಸಿರು ಬಿಟ್ಟು, ಬೆನ್ನು ಬಾಗಿಸಿ ಬಾಲ ಎತ್ತಿತು ಅಂದರೆ ಆಳಕ್ಕೆ ಹೋಯಿತು ಅಂತ. ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ನುಣುಪಾದ ಒಂದು ವೃತ್ತ ಉಳಿಯುತ್ತದೆ. ಆಮೇಲೆ ಹಲವು ನಿಮಿಷ ಏನೂ ಇಲ್ಲ. ಹೆಚ್ಚಿನವರು ಇದೇ ಹೊತ್ತಿಗೆ ಬೇಸತ್ತು ಕಾಫಿಗೆ ಒಳಗೆ ಹೋಗುತ್ತಾರೆ. ನೀವು ಹೋಗಬೇಡಿ. ಹಂಪ್‌ಬ್ಯಾಕ್‌ನಿಂದ ಕನಿಷ್ಠ 100 ಗಜ ದೂರ ಇರಬೇಕೆಂಬ ನಿಯಮ ಇಲ್ಲಿದೆ. ನಮ್ಮ ಕ್ಯಾಪ್ಟನ್ ಅದಕ್ಕಿಂತ ದೂರದಲ್ಲೇ ನಿಲ್ಲಿಸಿ ಕಾಯುತ್ತಿದ್ದರು. ಇನ್ನೂ ಹತ್ತಿರ ಹೋಗಿ ಎಂದು ಒತ್ತಾಯಿಸುವವರು ಪ್ರತಿ ದೋಣಿಯಲ್ಲೂ ಇರುತ್ತಾರೆ. ಅವರ ಜೊತೆ ದನಿಗೂಡಿಸದಿರುವುದೇ ನಾವು ಆ ಪ್ರಾಣಿಗೆ ತೋರಿಸಬಹುದಾದ ಮರ್ಯಾದೆ.

ಅಕ್ಕನಿಗೆ ಹಿಡಿಸಿದ್ದು ತಿಮಿಂಗಿಲಕ್ಕಿಂತ ಕಡಲ ನೀರುನಾಯಿ. ಅಂಗಾತ ಮಲಗಿ, ಹೊಟ್ಟೆಯ ಮೇಲೆ ಚಿಪ್ಪು ಒಡೆದು ತಿನ್ನುತ್ತಿತ್ತು. ಸೀಲ್, ತಿಮಿಂಗಿಲಗಳಿಗಿರುವ ಕೊಬ್ಬಿನ ಹೊದಿಕೆ ಇದಕ್ಕಿಲ್ಲ. ಪ್ರಾಣಿಲೋಕದಲ್ಲೇ ಅತಿ ದಟ್ಟವಾದ ತುಪ್ಪಳವೇ ಇದರ ಕಾವಲು. ಕೂದಲ ನಡುವೆ ಸಿಕ್ಕ ಗಾಳಿ ಚರ್ಮಕ್ಕೆ ತಣ್ಣೀರು ತಾಕದಂತೆ ನೋಡಿಕೊಳ್ಳುತ್ತದೆ. ತುಪ್ಪಳಕ್ಕೆ ಎಣ್ಣೆ ಮೆತ್ತಿದರೆ ಆ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. 1989ರಲ್ಲಿ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕಡಲ ಚಾಚಿನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಸೋರಿದ ಕಚ್ಚಾತೈಲ ಈ ಕರಾವಳಿಗೂ ಬಂದಿತ್ತು. ಸಾವಿರಾರು ನೀರುನಾಯಿಗಳು ಸತ್ತವು. ಆ ಪ್ರಕರಣದ ಪರಿಹಾರ ಹಣದ ನೆರವಿನಿಂದಲೇ ಸೂವರ್ಡ್‌ನಲ್ಲಿ ಅಲಾಸ್ಕಾ ಸೀಲೈಫ್ ಸೆಂಟರ್ ಎಂಬ ಕಡಲಜೀವಿಗಳ ಪ್ರದರ್ಶನ-ಸಂಶೋಧನಾ ಕೇಂದ್ರ 1998ರಲ್ಲಿ ತೆರೆಯಿತು. ಅಲ್ಲಿನ ವಿಜ್ಞಾನಿಗಳು ಚಿಸ್‌ವೆಲ್ ದ್ವೀಪದ ಕಡಲಸಿಂಹಗಳನ್ನು ಕ್ಯಾಮೆರಾ ಇಟ್ಟು ದೂರದಿಂದಲೇ ಅಧ್ಯಯನ ಮಾಡುತ್ತ ಬಂದಿದ್ದಾರೆ. ದೋಣಿಯ ಹಿಂದಿನ ದಿನ ಅಲ್ಲಿಗೆ ಹೋಗಿದ್ದು ನಮಗೆ ತುಂಬ ಉಪಯೋಗವಾಯಿತು. ಗಾಜಿನ ತೊಟ್ಟಿಯಲ್ಲಿ ಪಫಿನ್ ಎಂಬ ಕಡಲಹಕ್ಕಿ ರೆಕ್ಕೆ ಬಡಿದು ನೀರೊಳಗೆ ಹಾರುವುದನ್ನು ಹತ್ತಿರದಿಂದ ನೋಡಿದ್ದರಿಂದ, ಮರುದಿನ ಕಡಲ ಮೇಲೆ ಅವನ್ನು ಗುರುತಿಸುವುದು ಸುಲಭವಾಯಿತು. ಬಿಳಿ ಹೊಟ್ಟೆಯದು ಹಾರ್ನ್ಡ್ ಪಫಿನ್, ಮೈಯೆಲ್ಲ ಕಪ್ಪಾಗಿ ತಲೆಯ ಹಿಂದೆ ಹಳದಿ ಜುಟ್ಟಿರುವುದು ಟಫ್ಟೆಡ್ ಪಫಿನ್.

ಮರ್‌ ಹಕ್ಕಿಗಳ ಬಂಡೆಯ ಮುಂದೆ ನನಗೆ ಸಂಕಟವೂ ಆಗುತ್ತದೆ. 2014ರಿಂದ 2016ರವರೆಗೆ ಈ ಸಮುದ್ರ ಅತಿಯಾಗಿ ಬಿಸಿಯಾಗಿತ್ತು; ಮೀನು ಸಿಗದೆ ಅಲಾಸ್ಕಾದ ಮರ್‌ಗಳಲ್ಲಿ ಸುಮಾರು ಅರ್ಧದಷ್ಟು ಸತ್ತವೆಂದು ಸಂಶೋಧಕರು ಅಂದಾಜಿಸಿದ್ದಾರೆ. ಇನ್ನೂ ಚೇತರಿಸಿಕೊಂಡಿಲ್ಲ.

ಹಿಮನದಿಯ ಮುಂದೆ ದೋಣಿ ನಿಂತಾಗ ಎಲ್ಲರೂ ಅದರ ಮಂಜುಗಡ್ಡೆಯ ಗೋಡೆ ಕಳಚಿ ಬೀಳುವುದನ್ನೇ ಕಾಯುತ್ತಾರೆ. ಅದರ ಜೊತೆಗೆ ತೇಲುವ ಮಂಜುಗಡ್ಡೆಗಳ ಮೇಲೂ ಕಣ್ಣಾಡಿಸಿ. ಜೂನ್‌ನಲ್ಲಿ ಹಾರ್ಬರ್ ಸೀಲ್‌ಗಳು ಮರಿಗಳೊಂದಿಗೆ ಅಲ್ಲಿರುತ್ತವೆ. ಗಲಾಟೆಗೆ ಬೆದರಿ ತಾಯಿ ನೀರಿಗೆ ಹಾರಿದರೆ ಮರಿ ಒಂಟಿಯಾಗಬಹುದು, ಮೆಲ್ಲಗೆ ಮಾತಾಡಿ.

ಫೋಟೊ ತೆಗೆಯುವವರಿಗೆ ಒಂದು ಮಾತು: ತಿಮಿಂಗಿಲದ ಬಾಲದ ಅಡಿಭಾಗ ಸಿಗುವ ಹಾಗೆ, ಅಂದರೆ ಅದು ನಿಮ್ಮಿಂದ ಆಚೆಗೆ ಮುಖ ಮಾಡಿ ಮುಳುಗುವಾಗ, ಕ್ಲಿಕ್ಕಿಸಿ. ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ನಿಧಾನ ಬೇಡ. ಬಾಲದಡಿಯ ಕಪ್ಪು-ಬಿಳಿ ಗುರುತು ಒಂದೊಂದು ತಿಮಿಂಗಿಲಕ್ಕೂ ಬೇರೆ. ಹ್ಯಾಪಿವೇಲ್ ಜಾಲತಾಣಕ್ಕೆ ದಿನಾಂಕ, ಜಾಗದ ಸಮೇತ ಕಳಿಸಿದರೆ ಅದೇ ತಿಮಿಂಗಿಲವನ್ನು ಹಿಂದೆ ಯಾರಾದರೂ ಕಂಡಿದ್ದರೆ ತಿಳಿಸುತ್ತಾರೆ. ಭಾವ ಶಿವಮೊಗ್ಗಕ್ಕೆ ಹೋದ ಮೇಲೂ ಫೋನ್ ಮಾಡಿದಾಗಲೆಲ್ಲ "ನಮ್ಮ ತಿಮಿಂಗಿಲದ ಸುದ್ದಿ ಏನಾದ್ರೂ ಬಂತಾ?" ಎಂದು ಕೇಳುತ್ತಾರೆ.