ಚಕ್ರ ಬಿಚ್ಚಿ ಹಾಕಿದ ಮೇಲೆ ಕಾರು ಎಡಕ್ಕೆ ಎಳೆಯಿತು, ಕಾರಣ ಹುಡುಕಿದ್ದು ಹೀಗೆ

ಮಳೆ ಹಿಡಿಯುವ ಮುಂಚೆ ಟೈರುಗಳನ್ನು ಹಿಂದೆ ಮುಂದೆ ಬದಲಾಯಿಸೋದು ನನ್ನ ಅಭ್ಯಾಸ. ಮುಂದಿನ ಚಕ್ರದಿಂದಲೇ ಓಡುವ ಕಾರು, ಅದರ ಮೇಲೆ ಚಿಕ್ಕಮಗಳೂರಿನ ತಿರುವು ರಸ್ತೆಗಳು. ಮುಂದಿನ ಟೈರು ಬೇಗ ಸವೆಯದೆ ಇರುತ್ತದಾ? ಈ ಸಲ ಕೈ ಬಿಡುವಿರಲಿಲ್ಲ ಅಂತ ಒಂದು ಟೈರ್ ಅಂಗಡಿಯಲ್ಲಿ ಮಾಡಿಸಿದೆ. ಹೊರಗೆ ಬಂದ ಮೇಲೆ ಎರಡು ತೊಂದರೆ ಕಾಣಿಸಿತು. ಸ್ಟೇರಿಂಗ್ ಸಡಿಲ ಹಿಡಿದರೆ ಕಾರು ಎಡಕ್ಕೆ ಹೋಗುತ್ತಿತ್ತು. 80ರ ಹತ್ತಿರ ಬಂದರೆ ಸ್ಟೇರಿಂಗ್ ಗಡಗಡ ಅನ್ನುತ್ತಿತ್ತು. ವಾಪಸ್ ಹೋಗಿ ಕೇಳಿದರೆ ಸಿಕ್ಕ ಉತ್ತರ ಒಂದೇ: "ಅಲೈನ್‌ಮೆಂಟ್ ಹೋಗಿದೆ ಸಾರ್, ಮಾಡಿಸಿಬಿಡಿ."

ನಾನು ಒಪ್ಪಲಿಲ್ಲ. ಅಲೈನ್‌ಮೆಂಟ್ ಅಂದರೆ ಚಕ್ರಗಳು ನಿಂತಿರುವ ಕೋನ. ಚಕ್ರ ಬಿಚ್ಚಿ ಹಾಕಿದ ಮಾತ್ರಕ್ಕೆ ಅಲೈನ್‌ಮೆಂಟ್ ಬದಲಾಗೋದಿಲ್ಲ. ಟೋ (ಮೇಲಿಂದ ನೋಡಿದರೆ ಚಕ್ರ ಒಳಗೋ ಹೊರಗೋ ತಿರುಗಿರೋದು), ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ವಾಲಿರೋದು) ಎಲ್ಲ ಇರೋದು ಚಕ್ರವನ್ನು ಹಿಡಿದಿಡುವ ಟೈ ರಾಡ್, ಲೋವರ್ ಆರ್ಮ್, ಸ್ಟ್ರಟ್ ಕಡೆ. ಅವನ್ನು ಯಾರೂ ಮುಟ್ಟಿರಲಿಲ್ಲ. ಟೋ ಕೆಟ್ಟಿದ್ದರೆ ನೇರ ಹೋಗುವಾಗ ಸ್ಟೇರಿಂಗ್ ಸಾಮಾನ್ಯವಾಗಿ ಒಂದು ಕಡೆ ವಾಲಿಕೊಂಡಿರುತ್ತದೆ, ನನ್ನದು ನೆಟ್ಟಗಿತ್ತು. ಹಾಗಾಗಿ ಆ ದಿನ ಯಾವುದಕ್ಕೆ ಕೈ ಹಾಕಿದ್ದರೋ ಅದನ್ನೇ ಒಂದೊಂದಾಗಿ ನೋಡೋಣ ಅಂದುಕೊಂಡೆ. ಒಂದು ಸರಿ ಮಾಡೋದು, ಓಡಿಸಿ ನೋಡೋದು, ಆಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ಮಾಡಿದರೆ ಕಾರು ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.

ಎಲ್ಲಕ್ಕಿಂತ ಮೊದಲು ನಟ್. ಇದಕ್ಕೆ ತಡ ಮಾಡಲೇಬಾರದು. ನಿಧಾನಕ್ಕೆ ಹೋಗುವಾಗ ಟಕ್ ಟಕ್ ಸದ್ದು ಬಂದರೆ ಅಲ್ಲೇ ಬದಿಗೆ ನಿಲ್ಲಿಸಿ ನೋಡಬೇಕು. ನನ್ನವು ಸಡಿಲ ಇರಲಿಲ್ಲ, ಅತಿ ಬಿಗಿ ಇದ್ದವು. ಗಾಳಿ ಗನ್ನಿನಲ್ಲಿ ಡರ್ರ್ ಅಂತ ಹೊಡೆದಿದ್ದಾರೆ. ಪಾನಾ ಮೇಲೆ ನಿಂತರೆ ಮಾತ್ರ ಬಿಚ್ಚಿಕೊಂಡವು. ನಡುರಸ್ತೆಯಲ್ಲಿ ಪಂಕ್ಚರ್ ಆಗಿದ್ದರೆ ಮನೆಯವರ ಕೈಲಿ ಬಿಚ್ಚೋಕೆ ಆಗುತ್ತಿತ್ತಾ?

ಆಮೇಲೆ ಗಾಳಿ. ಬೆಳಿಗ್ಗೆ ಕಾರು ತೆಗೆಯುವ ಮೊದಲೇ, ಟೈರು ತಣ್ಣಗಿರುವಾಗ ನೋಡಿದೆ. ಓಡಿದ ಮೇಲೆ ನೋಡಿದರೆ ಕೆಲವು ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುತ್ತದೆ. ಮುಂದಿನ ಬಲಕ್ಕೆ 33, ಎಡಕ್ಕೆ 28. ಗಾಳಿ ಕಮ್ಮಿ ಇರುವ ಕಡೆಗೆ ಕಾರು ಎಳೆಯುತ್ತದೆ, ಇದು ಎಲ್ಲರಿಗೂ ಗೊತ್ತಿರೋದೇ. ಎರಡನ್ನೂ ಸಮ ಮಾಡಿದೆ.

ಓಡಿಸಿ ನೋಡೋಕೆ ಕಡೂರು ರಸ್ತೆಗೆ ಹೋದೆ. ಸಖರಾಯಪಟ್ಟಣದ ಕಡೆ ರಸ್ತೆ ಬಯಲಿನಲ್ಲಿ ಹೋಗುತ್ತದೆ, ಮೂಡಿಗೆರೆ ಕಡೆ ಹೋದರೆ ಬರೀ ತಿರುವು, ಏನೂ ಗೊತ್ತಾಗಲ್ಲ. ಇನ್ನೊಂದು ವಿಷಯ. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಅಂಚಿನ ಕಡೆಗೆ ಇಳಿಜಾರಾಗಿರುತ್ತವೆ. ನಾವು ಎಡಗಡೆ ಓಡಿಸೋದರಿಂದ ಯಾವ ಕಾರಾದರೂ ಸ್ವಲ್ಪ ಎಡಕ್ಕೆ ಜಾರುತ್ತದೆ. ಹಿಂದೆ ಮುಂದೆ ಯಾರೂ ಇಲ್ಲದಾಗ ರಸ್ತೆ ಮಧ್ಯಕ್ಕೆ ತಂದು ನೋಡಿದೆ. ಎಳೆತ ಕಮ್ಮಿಯಾಗಿತ್ತು, ಆದರೆ ಇನ್ನೂ ಇತ್ತು. ಅಲುಗಾಟ ಹಾಗೇ ಇತ್ತು.

ಈಗ ಅಲುಗಾಟದ ಸರದಿ. ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ಮೊದಲು, ಚಕ್ರದ ಭಾರ ಸಮ ಮಾಡೋಕೆ ರಿಮ್ಮಿಗೆ ಹಾಕುವ ಬ್ಯಾಲೆನ್ಸಿಂಗ್ ತೂಕ ಬಿದ್ದುಹೋಗಿದೆಯಾ ಅಂತ ನೋಡಿದೆ. ಸೀಸದ ತುಂಡು ಇದ್ದ ಜಾಗದಲ್ಲೇ ಇತ್ತು. ರಿಮ್ಮಿನ ಒಳಗಡೆ ತೋಟದ ಕೆಂಪು ಮಣ್ಣು ಒಣಗಿ ಕೂತರೂ ಇದೇ ನಡುಕ ಬರುತ್ತದೆ, ಅದೂ ಇರಲಿಲ್ಲ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಮುಂದೆ ಒಂದು ಕಡೆ ಜಾಕಿ ಎತ್ತಿ ಸ್ಟ್ಯಾಂಡ್ ಕೊಟ್ಟೆ. ಗೇರು ನ್ಯೂಟ್ರಲ್. ಮಗನ ಬಳಪವೊಂದನ್ನು ಕಲ್ಲಿನ ಮೇಲೆ ಇಟ್ಟು ತುದಿ ರಿಮ್ಮಿನ ಅಂಚಿಗೆ ಕೂದಲೆಳೆ ಅಂತರದಲ್ಲಿ ಬರುವ ಹಾಗೆ ಮಾಡಿ, ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಬಲಗಡೆ ಎಲ್ಲೂ ತಾಗಲಿಲ್ಲ. ಎಡಗಡೆ ಅರ್ಧ ಸುತ್ತು ತಾಗುತ್ತಿತ್ತು, ಉಳಿದರ್ಧ ದೂರ ಹೋಗುತ್ತಿತ್ತು. ರಿಮ್ಮೇ ಡೊಂಕು, ಇಲ್ಲ ಚಕ್ರ ಹಬ್ಬಿನ ಮೇಲೆ, ಅಂದರೆ ಅದನ್ನು ನಟ್ ಹಾಕಿ ಕೂರಿಸುವ ನಡುವಿನ ಬಿಲ್ಲೆಯ ಮೇಲೆ, ಸರಿಯಾಗಿ ಕೂತಿಲ್ಲ. ಬಿಚ್ಚಿ ನೋಡಿದರೆ ಹಬ್ಬಿನ ಮುಖದ ಮೇಲೆ ಒಂದು ಕಡೆ ತುಕ್ಕಿನ ಚಕ್ಕೆ, ಅದರ ಮೇಲೆ ಒತ್ತಿ ಕೂತ ಮಣ್ಣು. ದಪ್ಪ ಅಂದರೆ ಉಗುರಿನಷ್ಟೂ ಇಲ್ಲ. ಆದರೆ ನಡುವಿನಲ್ಲಿ ಇಷ್ಟು ಓರೆಯಾದರೆ ಟೈರಿನ ಅಂಚಿಗೆ ಬರುವಾಗ ಅದು ಹಲವು ಪಟ್ಟು ಆಗುತ್ತದೆ. ಗನ್ ಹಿಡಿದವರು ಇದನ್ನು ಒರೆಸೋದೇ ಇಲ್ಲ, ನನಗೆ ಸಿಟ್ಟು ಬರೋದು ಇಲ್ಲೇ. ಎರಡು ನಿಮಿಷದ ಕೆಲಸ ಅಲ್ವಾ?

ತಂತಿ ಬ್ರಷ್ಷಿನಲ್ಲಿ ಹಬ್ಬು, ರಿಮ್ಮಿನ ಹಿಂಭಾಗ ಎರಡನ್ನೂ ಉಜ್ಜಿ ಬಟ್ಟೆಯಲ್ಲಿ ಒರೆಸಿದೆ. ಚಕ್ರ ಗಾಳಿಯಲ್ಲಿ ಇರುವಾಗಲೇ ನಟ್ಟುಗಳನ್ನು ಕೈಯಲ್ಲಿ ಹಾಕಿ, ಓರೆ ಮುಖ ಚಕ್ರದ ಕಡೆಗೆ ಇರುವಂತೆ, ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆ. ಆಮೇಲೆ ಕೆಳಗಿಳಿಸಿ ಟಾರ್ಕ್ ಪಾನಾದಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಪೂರ್ತಿ. ಎಷ್ಟು ಅನ್ನೋದು ಕಾರಿನ ಕೈಪಿಡಿಯಲ್ಲಿದೆ, ಸಣ್ಣ ಕಾರುಗಳಿಗೆ ಹೆಚ್ಚಾಗಿ 85ರಿಂದ 120 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ಪಕ್ಕದಲ್ಲೇ ಇರುವ ನಟ್ಟುಗಳನ್ನು ಒಂದರ ಹಿಂದೊಂದು ಬಿಗಿ ಮಾಡಿಕೊಂಡು ಹೋದರೆ ಚಕ್ರ ಓರೆಯಾಗಿ ಕೂರಬಹುದು. ಬಳಪ ಮತ್ತೆ ಇಟ್ಟೆ, ಎಲ್ಲೂ ತಾಗಲಿಲ್ಲ. ಕಡೂರು ರಸ್ತೆಯಲ್ಲಿ 80 ದಾಟಿದರೂ ಸ್ಟೇರಿಂಗ್ ಸುಮ್ನೆ ಇತ್ತು.

ಎಳೆತ ಮಾತ್ರ ಹೋಗಲಿಲ್ಲ. ಎಡಗಡೆ ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಅನುಮಾನ ಬಂತು. ಆದಷ್ಟು ಬ್ರೇಕ್ ಹಾಕದೆ ಓಡಿಸಿ, ನಿಲ್ಲಿಸಿದ ಕೂಡಲೇ ಎರಡೂ ರಿಮ್ಮಿನ ಹತ್ತಿರ ಕೈ ಒಡ್ಡಿದೆ (ಮುಟ್ಟಬೇಡಿ, ಸುಡುತ್ತದೆ). ಬಿಸಿ ಎರಡೂ ಕಡೆ ಒಂದೇ. ಬ್ರೇಕ್ ಅಲ್ಲ.

ಕೊನೆಗೆ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲು ಬದಲು ಮಾಡಿದೆ. ನನ್ನ ಟೈರುಗಳ ಮೇಲೆ ದಿಕ್ಕಿನ ಬಾಣ ಇಲ್ಲ. ಬಾಣ ಇದ್ದರೆ ಹೀಗೆ ಮಾಡಬಾರದು. ಈಗ ಕಾರು ಬಲಕ್ಕೆ ಎಳೆಯಿತು! ಅಂದರೆ ತಪ್ಪು ಟೈರಿನದು, ಕಾರಿನದಲ್ಲ. ಒಳಗಿನ ಬೆಲ್ಟ್ (ಟೈರಿನ ರಬ್ಬರಿನೊಳಗೆ ಸುತ್ತಿರುವ ಉಕ್ಕಿನ ತಂತಿಯ ಪಟ್ಟಿ) ಒಂದು ಚೂರು ಪಕ್ಕಕ್ಕೆ ಸರಿದು ಕೂತಿದ್ದರೆ, ನೋಡೋಕೆ ಚೆನ್ನಾಗಿದ್ದರೂ, ಟೈರು ನೆಲದ ಮೇಲೆ ಉರುಳಿಸಿದ ಪೇಪರ್ ಲೋಟದ ಹಾಗೆ ಒಂದು ಕಡೆ ಸುತ್ತುತ್ತಾ ಹೋಗಲು ನೋಡುತ್ತದೆ. ಇದು ಇಷ್ಟು ದಿನ ಹಿಂದೆ ಇತ್ತು, ಅಲ್ಲಿ ಈ ಎಳೆತ ಅಷ್ಟಾಗಿ ಕೈಗೆ ಗೊತ್ತಾಗಲ್ಲ. ಮುಂದೆ ಬಂದ ದಿನವೇ ಬಯಲಾಯಿತು. ಆ ಟೈರನ್ನು ಮತ್ತೆ ಹಿಂದಕ್ಕೆ ಕಳಿಸಿದೆ. ಕಾರು ನೆಟ್ಟಗೆ ಹೋಗುತ್ತಿದೆ. ಅಲೈನ್‌ಮೆಂಟಿಗೆ ಒಂದು ರೂಪಾಯಿ ಕೊಟ್ಟಿಲ್ಲ.

ಹಿಂದಕ್ಕೆ ಹಾಕುವ ಮೊದಲು ಅದರ ಗೆರೆಯ ಆಳ ಎಷ್ಟು ಉಳಿದಿದೆ ಅಂತ ಅಳೆದೆ. ಕಾನೂನಿನ ಕನಿಷ್ಠ 1.6 ಮಿಲಿಮೀಟರ್, ಆದರೆ ಚಾರ್ಮಾಡಿಯ ಮಳೆಗೆ ಅಷ್ಟು ಸಾಲದು. ಸವೆದ ಟೈರು ಹಿಂದಿದ್ದರೆ ಒದ್ದೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ, ಅದನ್ನು ಹಿಡಿಯೋದು ಕಷ್ಟ. ಇದರಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ನಾಲ್ಕೂ ಚಕ್ರಗಳ ನಟ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ಪಾನಾ ಹಾಕಿದೆ. ಎಡ ಮುಂದಿನ ಚಕ್ರದಲ್ಲಿ ಒಂದು ನಟ್ಟು ಕಾಲು ಸುತ್ತು ತಿರುಗಿತು.