ಕೈಗೆ ಬಂದ ಸ್ಟಾರ್ಟರ್‌ನಿಂದ ಸಿಹಿ ಬ್ರೆಡ್

ಮೊಸರಿಗೆ ಹೆಪ್ಪು ತಂದಂತೆ ಈಗ ಸಾವರ್‌ಡೋ ಸ್ಟಾರ್ಟರನ್ನೂ, ಅಂದರೆ ಬ್ರೆಡ್ ಉಬ್ಬಿಸುವ ಹುಳಿಹಿಟ್ಟನ್ನೂ, ಪಕ್ಕದ ಮನೆಯಿಂದ ತರುತ್ತಾರೆ. ತಂದವರಲ್ಲಿ ಹೆಚ್ಚಿನವರ ಬ್ರೆಡ್ ಇಟ್ಟಿಗೆಯಾಗುತ್ತದೆ. ಫ್ರಿಜ್‌ನಿಂದ ತೆಗೆದದ್ದನ್ನು ಹಾಗೇ ಹಿಟ್ಟಿಗೆ ಸುರಿಯುವುದೇ ಇದಕ್ಕೆ ಕಾರಣ.

ಮೊದಲು ಅದನ್ನು ಎಬ್ಬಿಸಬೇಕು. ಶುಕ್ರವಾರ ರಾತ್ರಿ 25 ಗ್ರಾಂ ಸ್ಟಾರ್ಟರ್‌ಗೆ 50 ಗ್ರಾಂ ಮೈದಾ, 50 ಮಿ.ಲೀ. ನೀರು ಕಲಸಿ ಗಾಜಿನ ಬಾಟಲಿಗೆ ಹಾಕಿ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿಕೊಳ್ಳಿ. ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಮುಚ್ಚಳ ಸಡಿಲವಾಗಿರಲಿ. ಬಿಗಿದರೆ ಗ್ಯಾಸ್ ತುಂಬಿ ಬಾಟಲಿ ಒಡೆಯಬಹುದು. ಶನಿವಾರ ಬೆಳಿಗ್ಗೆ ಅದರಿಂದ 25 ಗ್ರಾಂ ತೆಗೆದು ಅದಕ್ಕೆ ಮತ್ತೆ ಅದೇ ಅಳತೆಯ ಮೈದಾ, ನೀರು ಉಣಿಸಿ. ಉಳಿದದ್ದು ಗೋಧಿದೋಸೆಗೆ ಹೋಗಲಿ.

ಕೊಡಗಿನ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮಡಿಕೇರಿಯ ಅಡುಗೆಮನೆ 20 ಡಿಗ್ರಿ ದಾಟುವುದೇ ಕಷ್ಟ. ಅಲ್ಲಿ ಸ್ಟಾರ್ಟರ್ ಉಬ್ಬಲು 10–12 ಗಂಟೆ ಬೇಕು, ಬೇಸಿಗೆಯಲ್ಲಿ 5–6 ಸಾಕು. ಗಡಿಯಾರ ನಂಬಬೇಡಿ, ರಬ್ಬರ್ ಬ್ಯಾಂಡ್ ನೋಡಿ. ಹಿಟ್ಟು ಎರಡರಷ್ಟಾಗಿ, ಬದಿಯಲ್ಲಿ ಗುಳ್ಳೆ ಕಂಡು, ಉಬ್ಬಿದ ನೆತ್ತಿ ಇನ್ನೇನು ಚಪ್ಪಟೆಯಾಗಬೇಕು ಅನ್ನುವ ಹೊತ್ತೇ ಸರಿಯಾದ ಹೊತ್ತು. ಕುಸಿದ ಮೇಲೆ ಬಳಸಿದರೆ ಸಿಹಿ ಬ್ರೆಡ್‌ನಲ್ಲಿ ಹುಳಿಯೇ ಮುಂದೆ ಬರುತ್ತದೆ. ಮೇಲೆ ಕಪ್ಪು ನೀರು ನಿಂತಿದ್ದರೆ ಅದು ಹಸಿವು, ಉಣಿಸಿದರೆ ಸರಿಹೋಗುತ್ತದೆ. ಗುಲಾಬಿ, ಕಿತ್ತಳೆ ಬಣ್ಣದ ಗೆರೆಯೋ ಬೂಷ್ಟೋ ಕಂಡರೆ ಮಾತ್ರ ಪೂರ್ತಿ ಎಸೆಯಿರಿ. ಮೇಲಿನದಷ್ಟನ್ನು ಕೆರೆದು ಬಳಸುವುದು ಬೇಡ.

ಶನಿವಾರ ಸಂಜೆ 100 ಗ್ರಾಂ ಸ್ಟಾರ್ಟರ್, 350 ಗ್ರಾಂ ಮೈದಾ, ಕಾಯಿಸಿ ಆರಿಸಿದ 170 ಮಿ.ಲೀ. ಹಾಲು, ಒಂದು ಮೊಟ್ಟೆ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ 6 ಗ್ರಾಂ ಉಪ್ಪು, ನಾಲ್ಕು ಏಲಕ್ಕಿಯ ಪುಡಿ ಹಾಕಿ. 60 ಗ್ರಾಂ ಸಕ್ಕರೆಯನ್ನು ಎರಡು ಸಲಕ್ಕೆ ಸೇರಿಸಿ; ಸಕ್ಕರೆ ನೀರನ್ನು ಎಳೆದುಕೊಳ್ಳುವುದರಿಂದ ಒಮ್ಮೆಲೇ ಸುರಿದರೆ ಹಿಟ್ಟು ಅಂಟಂಟಾಗುತ್ತದೆ. 40 ಗ್ರಾಂ ಬೆಣ್ಣೆ ಕೊನೆಗೆ. ಡಾಲ್ಡಾ ಬೇಡವೇ ಬೇಡ. ಸಕ್ಕರೆ ಬದಲು ಜೇನು ಹಾಕುವುದಾದರೆ ಹಾಲನ್ನು ಒಂದು ಚಮಚ ಇಳಿಸಿ. ಚಿಟಿಕೆ ಈಸ್ಟ್ ಹಾಕಿದರೆ ಬೇಗ ಉಬ್ಬುತ್ತದೆ ನಿಜ, ಆದರೆ ಎರಡು ದಿನ ಸ್ಟಾರ್ಟರ್ ಸಾಕಿದ್ದು ಯಾಕೆ?

ಚೂರು ಹಿಟ್ಟು ಹಿಗ್ಗಿಸಿದರೆ ಹರಿಯದೆ, ಬೆಳಕು ಕಾಣುವಷ್ಟು ತೆಳುವಾಗುವ ತನಕ ನಾದಿ. ರಾತ್ರಿಯಿಡೀ ಮುಚ್ಚಿಡಿ.

ಭಾನುವಾರ ಬೆಳಿಗ್ಗೆ ಸುರುಳಿ ಸುತ್ತಿ, ಬೆಣ್ಣೆ ಸವರಿದ 9 ಇಂಚು ಉದ್ದದ ಬ್ರೆಡ್ ಟಿನ್‌ಗೆ ಇಳಿಸಿ. ಚಳಿಯಿದ್ದರೆ ಆರಿಸಿದ ಓವನ್‌ನೊಳಗೆ ಒಂದು ಲೋಟ ಬಿಸಿನೀರಿನ ಜತೆ ಇಡಿ. ಉರಿಯುವ ಒಲೆಯ ಪಕ್ಕ ಬೇಡ, ಬೆಣ್ಣೆ ಕರಗಿ ಹೊರಬರುತ್ತದೆ. ನಾಲ್ಕೈದು ಗಂಟೆ ಬೇಕಾದೀತು. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ, ಅರ್ಧ ಮಾತ್ರ ಮೇಲೆದ್ದರೆ ಸಿದ್ಧ.

ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿಗೆ 35–40 ನಿಮಿಷ. ಸಕ್ಕರೆಯಿಂದ ಮೇಲ್ಭಾಗ ಬೇಗ ಕೆಂಪಾಗುತ್ತದೆ. 20 ನಿಮಿಷಕ್ಕೆ ಫಾಯಿಲ್ ಮುಚ್ಚಿ. ಒಂದು ಗಂಟೆ ಆರುವ ಮುನ್ನ ಕೊಯ್ದರೆ ಒಳಗೆಲ್ಲ ಅಂಟು.

ಬಾಟಲಿಯಲ್ಲಿ ಉಳಿದ 25 ಗ್ರಾಂ ಸ್ಟಾರ್ಟರ್‌ಗೆ ಉಣಿಸಿ, ಅರ್ಧ ನಿಮಗೆ, ಅರ್ಧ ಮುಂದಿನ ಮನೆಗೆ. ಕೊಡುವಾಗ ಕೊನೆಯ ಸಲ ಉಣಿಸಿದ ತಾರೀಖನ್ನು ಬಾಟಲಿ ಮೇಲೆ ಬರೆದುಕೊಡಿ.