ಗಡಿಗೆ ಬಾರಿಸಿದ ಹಾಗೆ ನಳಿಕೆ ಬಾರಿಸಿ ಬಂದೂಕು ತಂದೆ

ದರೋಜಿ ಹತ್ತಿರ, ಗುಡ್ಡದ ಬುಡದಲ್ಲಿ ನಮ್ಮ ಹೊಲ. ಮೆಕ್ಕೆಜೋಳ ಮತ್ತು ಶೇಂಗಾ ಹಾಕುತ್ತೇವೆ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಇಳಿಯುತ್ತದೆ. ರಾತ್ರಿ ಒಂದು ತಾಸು ಸಿಕ್ಕರೆ ಸಾಕು, ಬೆಳಗ್ಗೆ ನೋಡಿದರೆ ರಂಟೆ ಹೊಡೆದ ಹಾಗೆ ಬಿದ್ದಿರುತ್ತದೆ. ಕರಡಿಯೂ ಬರುತ್ತದೆ. ಇಲ್ಲಿ ಕರಡಿಧಾಮ ಆಗಿದ್ದೇ 1994ರಲ್ಲಿ, ಕರಡಿ ಜೊತೆ ಹೇಗೋ ಹೊಂದಿಕೊಂಡಿದ್ದೇವೆ. ಹಂದಿ ಜೊತೆ ಆಗಲಿಲ್ಲ.

ಬಂದೂಕು ತಗೋಬೇಕು ಅಂತ ತಲೆಗೆ ಬಂದಾಗ ನನ್ನ ಕಣ್ಣ ಮುಂದೆ ಇದ್ದದ್ದು ಸೆಮಿ ಆಟೋಮ್ಯಾಟಿಕ್ ರೈಫಲ್. ಮೊಬೈಲಿನಲ್ಲಿ ಅಮೆರಿಕದ ರೈತರು ಹಂದಿ ಹೊಡೆಯುವ ವಿಡಿಯೋ ನೋಡಿ ಹುಚ್ಚು ಹತ್ತಿತ್ತು. ಟ್ರಿಗರ್ ಒಮ್ಮೆ ಎಳೆದರೆ ಒಂದು ಗುಂಡು, ಮುಂದಿನದು ತಾನೇ ಬಂದು ಕೂರುತ್ತದೆ. ಹತ್ತು ಹಂದಿಗೆ ಹತ್ತು ಗುಂಡು, ಲೆಕ್ಕ ಸಲೀಸು ಅಲ್ವಾ?

ಆ ಲೆಕ್ಕ ಬಳ್ಳಾರಿಯ ಡಿಸಿ ಕಚೇರಿಯ ಬಾಗಿಲಲ್ಲೇ ಮುಗಿಯಿತು. ಅಂಥ ರೈಫಲ್ ನಮ್ಮಂಥವರಿಗೆ ಸಿಗುವುದೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ಕಾಯಲು ಅಂತ ಮೊದಲು ಹೇಳಿರುವುದು ಬಾಯಿಯಿಂದ ಮದ್ದು ತುಂಬುವ ಹಳೇ ಕಾಲದ ಬಂದೂಕು. ಅದು ಸಾಲುವುದಿಲ್ಲ ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ನುಣುಪಾದ ನಳಿಕೆಯ ಬೇರೆ ಬಂದೂಕು. ಅಂದರೆ ನಮ್ಮ ಪಾಲಿಗೆ 12 ಬೋರ್, ಒಂದೇ ಗುಂಡಿನ ಬದಲು ಸೀಸದ ಸಣ್ಣ ಕಾಳುಗಳನ್ನು ಹಾರಿಸುವಂಥದ್ದು. ಇನ್ನೊಂದು ಮಾತು. ಲೈಸೆನ್ಸ್ ಇದೆ ಅಂತ ಹಂದಿ ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ನಾನು ಇಲ್ಲಿವರೆಗೆ ಹಾರಿಸಿದ್ದೆಲ್ಲ ಬೆದರಿಸಲಿಕ್ಕೆ.

ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಸೇರಿದೆ. ಅಲ್ಲಿ .22 ರೈಫಲ್ ಹಿಡಿದು ಹೊಡೆದಾಗ, ಇಷ್ಟು ಸಣ್ಣ ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಹುದು ಅಂದರು. ದೊಡ್ಡ ಬೇಟೆ ರೈಫಲ್ ಆದರೆ 3 ಕಿಲೋಮೀಟರ್ ದಾಟುತ್ತದಂತೆ. ನನ್ನ ಹೊಲದಿಂದ ನಮ್ಮೂರ ಮನೆಗಳು ಒಂದು ಕಿಲೋಮೀಟರೂ ಇಲ್ಲ. ಕುರಿ ಹಟ್ಟಿ ಇನ್ನೂ ಹತ್ತಿರ. 12 ಬೋರಿನ ತೋಟಾಕ್ಕೆ ಕಾಳಿನ ಗಾತ್ರದ ಮೇಲೆ ನಂಬರ್ ಇರುತ್ತದೆ, ನಾಲ್ಕನೇ ನಂಬರಿನ ಸೀಸದ ಕಾಳು ಹೆಚ್ಚೆಂದರೆ 300 ಮೀಟರ್ ಒಳಗೆ ಬಿದ್ದುಬಿಡುತ್ತವೆ. ರೈಫಲ್ ಆಸೆ ಅವತ್ತೇ ಇಳಿಯಿತು.

ಉಳಿದ ಸ್ವಲ್ಪ ಆಸೆ ಇಳಿಸಿದ್ದು ಬಂದೂಕು ರಿಪೇರಿ ಮಾಡುವ ಚಾಚಾ. ವಯಸ್ಸು ಎಪ್ಪತ್ತು ದಾಟಿದೆ. “ತಮ್ಮಾ, ಅದು ಹೊಡೆದ ಗುಂಡಿನ ಶಕ್ತಿ ತಗೊಂಡೇ ಮುಂದಿನ ಗುಂಡು ತುಂಬ್ಕೊಳ್ಳುತ್ತೆ. ಗುಂಡು ಸ್ವಲ್ಪ ಮೆತ್ತಗಾದ್ರೂ ಅರ್ಧಕ್ಕೆ ನಿಲ್ಲುತ್ತೆ. ನಿಮ್ ಕಡೆ ಧೂಳು ನೋಡಿದೀಯಾ?” ಅಂದರು. ಸಂಡೂರು ಕಡೆಯವರಿಗೆ ಧೂಳಿನ ಬಗ್ಗೆ ಹೇಳಬೇಕೇ. ಅದಿರು ಲಾರಿ ಓಡುವ ದಾರಿಯಲ್ಲಿ ಎಲೆಯೂ ಕೆಂಪು, ಎತ್ತೂ ಕೆಂಪು. ಆ ಧೂಳು ಎಣ್ಣೆಗೆ ಸೇರಿದರೆ ಒಳಗೆ ರಾಡಿಯಾಗಿ ಕೂರುತ್ತದೆ. ನಡುವೆ ಕೀಲಿನಲ್ಲಿ ಮಡಚಿ ತೆರೆದು ಕೈಯಿಂದ ತೋಟಾ ಹಾಕುವ ಬಂದೂಕಿನಲ್ಲಿ ಸಿಕ್ಕಿಕೊಳ್ಳುವಂಥದ್ದು ಕಡಿಮೆ. ಎರಡು ನಳಿಕೆ, ಎರಡು ಟ್ರಿಗರ್. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಹೀಗೆ ಡಬಲ್ ಬ್ಯಾರೆಲ್ ಅಂತ ಖಾತ್ರಿಯಾಯಿತು.

ಲೈಸೆನ್ಸ್ ಕೈಗೆ ಬರಲು ವರ್ಷದ ಮೇಲಾಯಿತು. ಆ ಕಥೆ ಬೇಡ.

ಹೊಸದರ ದರ ನೋಡಿ ಹಳೆಯದನ್ನೇ ಹುಡುಕಿದೆ. ಲೈಸೆನ್ಸ್ ಇರುವ ಇಬ್ಬರು ಯಜಮಾನರು ಮಾರಲು ತಯಾರಿದ್ದರು. ಇಬ್ಬರ ಬಂದೂಕನ್ನೂ ನೋಡಲು ಚಾಚಾನನ್ನು ಕರೆದುಕೊಂಡು ಹೋದೆ. ಮೊದಲನೆಯದು ಮಿರಮಿರ ಮಿಂಚುತ್ತಿತ್ತು, ಕಟ್ಟಿಗೆಗೆ ಹೊಸ ಪಾಲಿಶ್ ಬೇರೆ. ನಾನು ಅಲ್ಲೇ ಒಪ್ಪಿಬಿಟ್ಟಿದ್ದೆ. ಚಾಚಾ ತೋಟಾ ಇಲ್ಲ ಅಂತ ಎರಡು ಸಲ ನೋಡಿ, ನಳಿಕೆ ಬಿಚ್ಚಿ, ಕೆಳಗಿನ ಕೊಂಡಿಗೆ ಬೆರಳು ಹಾಕಿ ನೇತಾಡಿಸಿದರು. ಬೆರಳ ಗೆಣ್ಣಿನಿಂದ ಟಕ್ ಅಂತ ಬಾರಿಸಿದರು. ಸಂತೆಯಲ್ಲಿ ಗಡಿಗೆ ಬಾರಿಸಿ ಕೊಳ್ಳುತ್ತೇವಲ್ಲ, ಹಾಗೇ. ‘ಡಬ್’ ಅಂತು. ಸೀಳಿದ ಗಡಿಗೆಯ ದನಿ. ಎರಡು ನಳಿಕೆ ಕೂಡಿಸಿದ ಬೆಸುಗೆ ಎಲ್ಲೋ ಬಿಟ್ಟಿದೆ ಅಂತ ಅರ್ಥವಂತೆ. ಎರಡನೆಯದು ನೋಡಲು ಬಡವಾಗಿತ್ತು, ಬಣ್ಣ ಹೋಗಿತ್ತು. ಬಾರಿಸಿದರೆ ಗುಡಿ ಗಂಟೆಯ ಹಾಗೆ ‘ಣಂ...’ ಅಂತ ಎಳೆಯಿತು. ಚಾಚಾ ನನ್ನ ಮುಖ ನೋಡಿ ನಕ್ಕರು, ಏನೂ ಅನ್ನಲಿಲ್ಲ.

ಆಮೇಲೆ ನಳಿಕೆಯನ್ನು ಕಿಟಕಿ ಬೆಳಕಿಗೆ ಹಿಡಿದು ಒಳಗೆ ನೋಡಿದೆವು. ಬೆಳಕಿನ ಉಂಗುರಗಳು ದುಂಡಗೆ, ಒಂದರ ಹಿಂದೆ ಒಂದು ಕಾಣಬೇಕು. ಎಲ್ಲಾದರೂ ಉಂಗುರ ಸೊಟ್ಟಗಾದರೆ ಅಲ್ಲಿ ತಗ್ಗಿದೆ ಅಂತ. ತಿರುಗಿ ಜೋಡಿಸಿ ಅಲ್ಲಾಡಿಸಿದರೆ ಕೀಲು ಗಡಗಡ ಅನ್ನಬಾರದು. ನಳಿಕೆಯ ಕೆಳಗೆ ಕೊರೆದ ಅಂಕಿಯನ್ನೂ ಓದಿಸಿದರು. ಕೆಲವು ಹಳೇ ಬಂದೂಕುಗಳು 65 ಮಿಲಿಮೀಟರ್ ಉದ್ದದ ತೋಟಾಕ್ಕೆ ಮಾಡಿದವು. ಅದರಲ್ಲಿ 70ರ ತೋಟಾ ಸುಮ್ನೆ ಒಳಗೆ ಹೋಗಿ ಕೂರುತ್ತದೆ, ಆದರೆ ಹೊಡೆದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಮ್ಮದು 70. ಮಾರುವ ವಿಷಯ ಬರೆದುಕೊಟ್ಟು 45 ದಿನ ಕಾಯಬೇಕು ಅಂತ ಕಾನೂನು. ಕಾಯ್ದೆವು.

ಗುರಿಯ ವಿಷಯಕ್ಕೆ ಬರುತ್ತೇನೆ. 12 ಬೋರಿನಲ್ಲಿ ಗುರಿ ಅಂದರೆ ಒಂದು ತೂತಲ್ಲ, ಕಾಳು ಹರಡುವ ರೀತಿ. 40 ಗಜದ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ ಎಷ್ಟು ಕಾಳು ಬಿದ್ದವು ಅಂತ ಲೆಕ್ಕ. ಬಾಯಿ ಬಿಗಿ ಇರುವ ನಳಿಕೆ, ಅದೇ ಫುಲ್ ಚೋಕ್, 70ರ ಸುಮಾರು ಹಾಕಬೇಕು. ಬಿಗಿ ಇಲ್ಲದ್ದು 40. ಠಾಣೆಗೆ ತಿಳಿಸಿ, ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ ಕಡೆ ಸಿಮೆಂಟ್ ಚೀಲದ ಕಾಗದ ಅಂಟಿಸಿ ಹೊಡೆದೆ. ಹರಡುವುದೇನೋ ಚೆನ್ನಾಗಿತ್ತು. ಆದರೆ ಇಡೀ ಗುಂಪು ಎಡಕ್ಕೆ, ಒಂದು ಗೇಣು ಕೆಳಗೆ. ನಾಲ್ಕು ಕಾಗದದಲ್ಲೂ ಅದೇ ಕಥೆ. ಮೋಸ ಹೋದೆ ಅಂತ ಹೊಟ್ಟೆ ಉರಿಯಿತು.

ಚಾಚಾ ಕಾಗದ ನೋಡಲೇ ಇಲ್ಲ, ನನ್ನ ಕೈ ನೋಡಿದರು. ಬಂದೂಕಿನ ಹಿಂಭಾಗವನ್ನು ನನ್ನ ಮೊಳಕೈ ಮಡಿಕೆಗೆ ಇಟ್ಟು, “ಟ್ರಿಗರ್ ಮುಟ್ಟು” ಅಂದರು. ಬೆರಳ ತುದಿ ಕೂಡ ಎಟುಕಲಿಲ್ಲ. ಮಾರಿದ ಯಜಮಾನರು ಆರಡಿ ಆಳು, ನಾನು ಐದೂ ಕಾಲು. ಉದ್ದವಾದ ಕಟ್ಟಿಗೆಗೆ ಕತ್ತು ಚಾಚಿ ಟ್ರಿಗರ್ ಜಗ್ಗುತ್ತಿದ್ದೆ, ನಳಿಕೆಯ ಬಾಯಿ ಕೆಳಗೆ ಎಡಕ್ಕೆ ಎಳೆಯುತ್ತಿತ್ತು. ಒಂದು ಬೆರಳಿನ ಅಗಲ ಕಟ್ಟಿಗೆ ಕೊಯ್ದು ರಬ್ಬರ್ ಹಚ್ಚಿದರು. ಮುಂದಿನ ಕಾಗದದಲ್ಲಿ ಗುಂಪು ನಡುವೆ ಬಂದಿತ್ತು. ಬಂದೂಕಿಗೆ ಕೊಟ್ಟ ದುಡ್ಡಿಗಿಂತ ಆ ಕೊಯ್ತದ ಮಜೂರಿಯೇ ಸಾರ್ಥಕ ಅಂತ ಈಗಲೂ ಅನ್ನಿಸುತ್ತದೆ.

ಒಂದು ಸಲ ಮಾತ್ರ ಕೈಕೊಟ್ಟಿತು. ಮಳೆ ರಾತ್ರಿ, ಹಂದಿ ಒಳಗೆ. ಎರಡೂ ಟ್ರಿಗರ್ ಟಿಕ್ ಟಿಕ್ ಅಂದವು ಅಷ್ಟೇ. ತಕ್ಷಣ ತೆರೆಯಬಾರದು, ಕೆಲವೊಮ್ಮೆ ತಡವಾಗಿ ಹಾರುತ್ತದೆ. ಬಾಯಿ ದಿಬ್ಬದ ಕಡೆ ಹಿಡಿದು ಅರ್ಧ ನಿಮಿಷ ನಿಂತೆ. ಅಷ್ಟು ಉದ್ದದ ಅರ್ಧ ನಿಮಿಷ ಮತ್ತೊಂದಿಲ್ಲ. ತಪ್ಪು ನನ್ನದೇ, ತೋಟಾ ಡಬ್ಬಿಯನ್ನು ಸೋರುವ ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ಈಗ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಚಪ್ಪಲಿ ಬಾಕ್ಸಿನಲ್ಲಿ ಬರುವ ಆ ತೇವ ಹೀರುವ ಪುಡಿಕೆಗಳು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಂದೂಕು ಬೇರೆ, ತೋಟಾ ಬೇರೆ. ಮನೆಯಲ್ಲಿ ಮಕ್ಕಳಿದ್ದಾರೆ.

2024ರಲ್ಲಿ ನಮಗೆ ಎರಡು ಚುನಾವಣೆ. ಮೇ 7ಕ್ಕೆ ಲೋಕಸಭೆ, ನವೆಂಬರ್ 13ಕ್ಕೆ ಸಂಡೂರು ಉಪಚುನಾವಣೆ. ಎರಡೂ ಸಲ ಚುನಾವಣೆ ಮುಗಿಯುವವರೆಗೆ ಇರಲಿ ಅಂತ ಬಂದೂಕು ಠಾಣೆಗೆ ಒಪ್ಪಿಸಿ ಬಂದೆ. ಮೊದಲ ಸಲ ವಾಪಸ್ ಬಂದಾಗ ನಳಿಕೆಯ ಮೇಲೆ ತುಕ್ಕಿನ ಚುಕ್ಕೆ. ಎರಡನೇ ಸಲ ದಪ್ಪಗೆ ಎಣ್ಣೆ ಬಳಿದು, ಬಟ್ಟೆ ಸುತ್ತಿ ಕೊಟ್ಟೆ, ಏನೂ ಆಗಿರಲಿಲ್ಲ. ಆದರೆ ಅದು ಮೆಕ್ಕೆಜೋಳ ಮುರಿಯುವ ಕಾಲ. ಬಂದೂಕು ಠಾಣೆಯಲ್ಲಿ, ಹಂದಿ ಹೊಲದಲ್ಲಿ. ನಾನೂ ನನ್ನ ತಮ್ಮನೂ ಎಣ್ಣೆ ಡಬ್ಬಿ ಬಡಿಯುತ್ತಾ ಕೂತೆವು.